ಸ್ಟಾರ್ಟ್ ಬಟನ್ ಜರುಗಿಸುವವರಿಗೆ ಒಂದು ಬಹಿರಂಗ ಪತ್ರ

ಡೆಸ್ಕ್‌ಟಾಪ್ ವಿನ್ಯಾಸ ಮಾಡುವ ಎಲ್ಲರಿಗೂ ನಮಸ್ಕಾರ.

ಈ ಪತ್ರ ಯಾವುದೋ ಒಂದು ಕಂಪನಿಗೆ ಬರೆದದ್ದಲ್ಲ. ವಿಂಡೋಸ್ ಮಾಡುವವರೂ ಓದಿ, ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆಗೆ ಗ್ನೋಮ್ ಎಂಬ ಡೆಸ್ಕ್‌ಟಾಪ್ ರೂಪ ಮಾಡುವವರೂ ಓದಿ, ಅದೇ ಲಿನಕ್ಸ್‌ನಿಂದ ಉಬುಂಟು ಕಟ್ಟುವವರೂ ಓದಿ. ಕೆಲವರು ದುಡ್ಡಿಗೆ ಮಾರುತ್ತೀರಿ, ಕೆಲವರು ಪುಕ್ಕಟೆ ಹಂಚುತ್ತೀರಿ. ಆದರೆ ಈ ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ ಥರ ನಡೆದುಕೊಂಡಿದ್ದೀರಿ. ಕೆಲವು ವರ್ಷಕ್ಕೊಮ್ಮೆ ಹೊಸ ಆವೃತ್ತಿ ತರುತ್ತೀರಿ. ಅದು ಬಂದ ಮಾರನೇ ದಿನ ನಮ್ಮ ಕೈಗೆ ರೂಢಿಯಾಗಿದ್ದ ಬಟನ್, ಮೆನು, ಪಟ್ಟಿ ಎಲ್ಲ ಇದ್ದ ಜಾಗದಲ್ಲಿ ಇರುವುದಿಲ್ಲ. ಯಾಕೆ ಅಂತ ಕೇಳಿದರೆ ಈಗ ಜಾಸ್ತಿ ಸರಳವಾಗಿದೆ ಅನ್ನುತ್ತೀರಿ. ಯಾರಿಗೆ ಸರಳ ಅಂತ ಕೇಳೋಣ ಅಂತಲೇ ಈ ಪತ್ರ.

ನನ್ನ ಕೆಲಸ ಕಂಪ್ಯೂಟರ್ ಸರ್ವಿಸ್. ಒಂದು ತಾಲ್ಲೂಕು ಊರಿನಲ್ಲಿ ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ಗೊಬ್ಬರದ ಅಂಗಡಿ, ಟ್ಯೂಷನ್ ಕ್ಲಾಸು, ಸಣ್ಣ ಪ್ರಿಂಟಿಂಗ್ ಪ್ರೆಸ್ಸು ಇಂಥ ಕಡೆಯ ಸಿಸ್ಟಂಗಳನ್ನು ನೋಡಿಕೊಳ್ಳುತ್ತೇನೆ. ಹಾರ್ಡ್ ಡಿಸ್ಕ್ ಹೋಯಿತು, ಎಸ್‌ಎಂಪಿಎಸ್ ಸುಟ್ಟಿತು ಅಂತ ಫೋನ್ ಬಂದರೆ ಬೇಜಾರಿಲ್ಲ, ಅದು ನನ್ನ ಹೊಟ್ಟೆಪಾಡು. ಏನೂ ಕೆಡದೆ ಬರುವ ಫೋನ್‌ಗಳಿವೆಯಲ್ಲ, ಅವೇ ಕಷ್ಟ. "ರಾತ್ರಿ ಅಪ್‌ಡೇಟ್ ಆಯ್ತು ಸರ್, ಬೆಳಿಗ್ಗೆ ನೋಡಿದ್ರೆ ಎಲ್ಲಾ ಬೇರೆ ಥರ ಇದೆ." "ನನ್ ಫೋಲ್ಡರ್ ಎಲ್ಲಿ ಹೋಯ್ತು?" "ವೈರಸ್ ಬಂದಿರ್ಬೇಕು, ಒಂದ್ಸಲ ಬಂದು ನೋಡಿ." ಹೋಗಿ ನೋಡಿದರೆ ವೈರಸ್ಸೂ ಇಲ್ಲ, ಫೋಲ್ಡರ್ ಎಲ್ಲೂ ಹೋಗಿಲ್ಲ. ಹೊಸ ಆವೃತ್ತಿ ಬಂದು ಕೂತಿದೆ ಅಷ್ಟೇ. ಕೊನೆಗೆ ಎಲ್ಲರೂ ಕೇಳುವುದು ಒಂದೇ: "ಹಳೇದೇ ಹಾಕ್ಕೊಡಿ." ಯಾರ ಅಂಗಡಿ, ಯಾವ ಸಿಸ್ಟಂ ಅಂತ ಇಲ್ಲಿ ಹೇಳುವುದಿಲ್ಲ. ನಾನು ನೋಡಿಕೊಳ್ಳುವುದರಲ್ಲಿ ಎಲ್ಲ ಥರದ್ದೂ ಇವೆ. ಫೋನ್ ಮಾತ್ರ ಒಂದೇ ಥರ ಬರುತ್ತದೆ.

ನಿಮಗೆ ಗೊತ್ತಿರಲಿಕ್ಕಿಲ್ಲ ಅನ್ನಿಸುವ ಒಂದು ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆ ಕಂಪ್ಯೂಟರ್ ಮುಂದೆ ಕೂರುವ ಬಹಳ ಜನ ಸ್ಕ್ರೀನ್ ಮೇಲಿನ ಮೆನುಗಳನ್ನು ಓದುವುದಿಲ್ಲ. ಓದು ಬಾರದವರು ಅಂತ ಅಂದುಕೊಳ್ಳಬೇಡಿ. ಪುಟಗಟ್ಟಲೆ ಕನ್ನಡ ಟೈಪ್ ಮಾಡುವವರು, ಬೇರೆಯವರ ತಪ್ಪು ಒತ್ತಕ್ಷರ ತಿದ್ದಿಕೊಡುವವರು ಇವರು. ಆದರೆ ಮೆನು ಇಂಗ್ಲಿಷ್‌ನಲ್ಲಿದೆ, ಅವರ ಕೆಲಸ ಕನ್ನಡದಲ್ಲಿದೆ. ಹಾಗಾಗಿ ಅವರು ಜಾಗ ನೆನಪಿಟ್ಟುಕೊಳ್ಳುತ್ತಾರೆ. ರೈಟ್ ಕ್ಲಿಕ್, ಕೆಳಗಿಂದ ಮೂರನೇದು. ಎಡಗಡೆ ಮೂಲೆ, ಮೇಲಿಂದ ಎರಡನೇದು, ಆಮೇಲೆ ಬಲಕ್ಕೆ. ಹೊಸದಾಗಿ ಸೇರಿದ ಹುಡುಗಿಗೆ ಹಳೆಯವರು ಕಲಿಸುವುದೂ ಹೀಗೆಯೇ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ, ಸಣ್ಣ ಚೌಕ ಬರೆದು ಬಾಣದ ಗುರುತು ಹಾಕಿ. ಸ್ವಲ್ಪ ದಿನಕ್ಕೆ ನೋಟ್‌ಬುಕ್ ಬೇಡವಾಗುತ್ತದೆ, ಕೈಗೇ ಗೊತ್ತಾಗಿಬಿಡುತ್ತದೆ.

ಒಬ್ಬ ಒಳ್ಳೆಯ ಡಿಟಿಪಿ ಆಪರೇಟರ್ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ. ಕಣ್ಣು ಗಿರಾಕಿ ಕೊಟ್ಟ ಕೈಬರಹದ ಚೀಟಿಯ ಮೇಲಿರುತ್ತದೆ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಚಿಕ್ಕಪ್ಪನ ಹೆಸರು ಮೊದಲೋ ದೊಡ್ಡಪ್ಪನ ಹೆಸರು ಮೊದಲೋ ಅಂತ ಗಿರಾಕಿಯ ಜೊತೆ ಬಾಯಲ್ಲಿ ಚರ್ಚೆ ನಡೆಯುತ್ತಿರುತ್ತದೆ. ಅಷ್ಟರಲ್ಲಿ ಬಲಗೈ ತನ್ನಷ್ಟಕ್ಕೆ ಮೌಸ್ ಹಿಡಿದು ಫೈಲ್ ಸೇವ್ ಮಾಡಿ, ಹಳೆಯ ಪತ್ರಿಕೆಯ ಗಣಪತಿ ಚಿತ್ರ ಕಾಪಿ ಮಾಡಿ, ಇನ್ನೊಂದು ಕಿಟಕಿಗೆ ಹೋಗಿ ಪೇಸ್ಟ್ ಮಾಡಿ ಬಂದಿರುತ್ತದೆ. ನೀವು ಒಂದು ಬಟನ್ ಜರುಗಿಸಿದಾಗ ಮೊದಲು ನಿಲ್ಲುವುದು ಆ ಕೈ. ಓದಿಕೊಂಡು ಹುಡುಕುವವರು ಹೊಸ ಜಾಗದಲ್ಲೂ ಅದೇ ಪದ ನೋಡಿ ಗುರುತು ಹಿಡಿಯುತ್ತಾರೆ. ಜಾಗ ನೆನಪಿಟ್ಟುಕೊಂಡವರಿಗೆ ಆ ಅನುಕೂಲವಿಲ್ಲ. ಅವರು ಮತ್ತೆ ಮೊದಲಿಂದ ಶುರು ಮಾಡಬೇಕು, ಅದೂ ಗಿರಾಕಿಯ ಎದುರಿಗೆ.

ಬದಲಾವಣೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ನೀವು ಬದಲಾವಣೆಯನ್ನು ಚೆನ್ನಾಗಿ ಮಾಡಿದ ಕಾಲವೂ ಇತ್ತು. ಸ್ಟಾರ್ಟ್ ಬಟನ್ ಮತ್ತು ಟಾಸ್ಕ್‌ಬಾರ್ (ಸ್ಕ್ರೀನಿನ ಕೆಳಗಿನ ಪಟ್ಟಿ) ಬಂದದ್ದು 1995ರ ಆಗಸ್ಟ್‌ನಲ್ಲಿ, ವಿಂಡೋಸ್ 95ರ ಜೊತೆ. ಬಟನ್ ಕೆಳಗೆ ಎಡಗಡೆಯ ಮೂಲೆಯಲ್ಲಿತ್ತು. ಮೂಲೆಯಲ್ಲಿ ಇಡುವುದಕ್ಕೆ ಕಾರಣವೂ ಇದೆ. ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಒಂದು ನಿಯಮ ಹೇಳಿದ್ದರು. ಗುರಿ ದೊಡ್ಡದಿದ್ದಷ್ಟೂ ಹತ್ತಿರವಿದ್ದಷ್ಟೂ ಕೈ ಬೇಗ ಮುಟ್ಟುತ್ತದೆ ಅಂತ. ಸ್ಕ್ರೀನಿನ ಮೂಲೆಗೆ ಮೌಸಿನ ಬಾಣ ಹೋದರೆ ಅಲ್ಲೇ ನಿಲ್ಲುತ್ತದೆ, ಮುಂದೆ ಹೋಗಲು ಜಾಗವಿಲ್ಲ. ಮೌಸನ್ನು ಸುಮ್ನೆ ಆ ಕಡೆ ತಳ್ಳಿದರೆ ಸಾಕು, ನೋಡುವುದೂ ಬೇಡ. ವಿಂಡೋಸ್ 95ರಲ್ಲಿ ತೀರಾ ಅಂಚಿನ ಒಂದೆರಡು ಚುಕ್ಕೆಗಳ ಮೇಲೆ ಕ್ಲಿಕ್ ಮಾಡಿದರೆ ಬಟನ್ ಕೆಲಸ ಮಾಡುತ್ತಿರಲಿಲ್ಲ. ಮುಂದೆ ಅದನ್ನೂ ಸರಿ ಮಾಡಿದಿರಿ. ಅಂಥ ಬದಲಾವಣೆಗೆ ಯಾರೂ ಬಹಿರಂಗ ಪತ್ರ ಬರೆಯುವುದಿಲ್ಲ.

2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು. ನೀಲಿ ಪಟ್ಟಿ, ಹಸಿರು ಬಟನ್, ಎರಡು ಸಾಲಿನ ಮೆನು. ನೋಡಲು ಎಲ್ಲವೂ ಬೇರೆ. ಆದರೆ ಟಾಸ್ಕ್‌ಬಾರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದರೆ ಕ್ಲಾಸಿಕ್ ಸ್ಟಾರ್ಟ್ ಮೆನು ಅಂತ ಒಂದು ಆಯ್ಕೆ ಇತ್ತು. ಅದನ್ನು ಒತ್ತಿದರೆ ವಿಂಡೋಸ್ 98ರ ಮೆನು ವಾಪಸ್. ಬೂದು ಬಣ್ಣದ ಹಳೆಯ ರೂಪವೂ ಬೇಕಿದ್ದರೆ ಸಿಗುತ್ತಿತ್ತು. ರ‍್ಯಾಮ್ ಕಡಿಮೆ ಇದ್ದವರು ಅದನ್ನೇ ಹಾಕಿಕೊಂಡರು. ಹೊಸದು ಇಷ್ಟಪಟ್ಟವರು ಹೊಸದು ಬಳಸಿದರು. ಯಾರಿಗೂ ಜಗಳವಿರಲಿಲ್ಲ. ಮುಂದೆ ವಿಂಡೋಸ್ 7ರಲ್ಲಿ ಕ್ಲಾಸಿಕ್ ಮೆನು ತೆಗೆದಿರಿ, ಬಣ್ಣ ಮಾತ್ರ ಉಳಿಸಿದಿರಿ. ವಿಂಡೋಸ್ 8ರಲ್ಲಿ ಆ ಬಣ್ಣವೂ ಹೋಯಿತು. ನನಗೆ ಅರ್ಥವಾಗದ್ದು ಇದು. 2001ರಲ್ಲಿ ಸಾಧ್ಯವಿದ್ದ ಮರ್ಯಾದೆ ಈಗ ಯಾಕೆ ಸಾಧ್ಯವಿಲ್ಲ?

ಆಮೇಲೆ ಬಂತು ನೋಡಿ 2011, 2012. ಐಪ್ಯಾಡ್ ಬಂದು ಒಂದೆರಡು ವರ್ಷವಾಗಿತ್ತು. ಇನ್ನು ಮೇಲೆ ಎಲ್ಲರೂ ಸ್ಕ್ರೀನ್ ಮುಟ್ಟಿಯೇ ಕೆಲಸ ಮಾಡುತ್ತಾರೆ, ಮೌಸ್ ಕಾಲ ಮುಗಿಯಿತು ಅಂತ ನೀವೆಲ್ಲ ಒಟ್ಟಿಗೇ ಅಂದುಕೊಂಡಿರಿ. 2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಬಂತು. ಕಿಟಕಿಯ ಮೇಲಿದ್ದ ಮಿನಿಮೈಸ್, ಮ್ಯಾಕ್ಸಿಮೈಸ್ ಬಟನ್ ಇಲ್ಲ. ಕೆಳಗೆ ತೆರೆದ ಕಿಟಕಿಗಳ ಪಟ್ಟಿ ಇಲ್ಲ. ಡೆಸ್ಕ್‌ಟಾಪ್ ಮೇಲೆ ಐಕಾನ್ ಇಲ್ಲ. ಅದೇ ತಿಂಗಳು ಉಬುಂಟು 11.04 ಬಂತು, ಯೂನಿಟಿ ಎಂಬ ಬೇರೆಯೇ ರೂಪ ಹೊತ್ತುಕೊಂಡು. ಅದು ಮೊದಲು ತಯಾರಾಗಿದ್ದು ನೆಟ್‌ಬುಕ್ ಎಂಬ ಪುಟ್ಟ ಲ್ಯಾಪ್‌ಟಾಪ್‌ಗಳಿಗಾಗಿ. 2012ರ ಅಕ್ಟೋಬರ್‌ನಲ್ಲಿ ವಿಂಡೋಸ್ 8 ಬಂತು. ಅದರಲ್ಲಿ ಸ್ಟಾರ್ಟ್ ಬಟನ್ನೇ ಇರಲಿಲ್ಲ.

ಅವತ್ತಿನ ಎಲ್ಲ ಬದಲಾವಣೆಗಳಲ್ಲಿ ನನಗೆ ಇವತ್ತಿಗೂ ನಗು ತರಿಸುವುದು ಶಟ್‌ಡೌನ್ ಕಥೆ. ಗ್ನೋಮ್ 3ರ ಮೆನುವಿನಲ್ಲಿ ಸಸ್ಪೆಂಡ್, ಅಂದರೆ ಆರಿಸದೆ ಮಲಗಿಸುವುದು, ಅಂತ ಮಾತ್ರ ಇತ್ತು. ಪವರ್ ಆಫ್ ಕಾಣಬೇಕಿದ್ದರೆ ಮೆನು ತೆರೆದು ಆಲ್ಟ್ ಕೀ ಒತ್ತಿ ಹಿಡಿಯಬೇಕಿತ್ತು. ಅದನ್ನು ಹೇಳುವ ಒಂದು ಸಾಲೂ ಆ ಮೆನುವಿನಲ್ಲಿ ಇರಲಿಲ್ಲ. ವಿಂಡೋಸ್ 8ರಲ್ಲಿ ಮೌಸನ್ನು ಬಲಗಡೆಯ ಮೂಲೆಗೆ ಒಯ್ಯಬೇಕು, ಒಂದು ಪಟ್ಟಿ ಜಾರಿಕೊಂಡು ಬರುತ್ತದೆ, ಅದರಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಪವರ್, ಅದರೊಳಗೆ ಶಟ್‌ಡೌನ್. ಲ್ಯಾಪ್‌ಟಾಪ್ ಮುಚ್ಚಿದರೆ ಮಲಗುತ್ತದೆ, ಶಟ್‌ಡೌನ್ ಯಾರಿಗೆ ಬೇಕು ಅನ್ನುವುದು ನಿಮ್ಮ ಲೆಕ್ಕ. ನಮ್ಮ ಅಂಗಡಿಯಲ್ಲಿ ಇರುವುದು ಡೆಸ್ಕ್‌ಟಾಪ್. ಕರೆಂಟ್ ಹೋಗುತ್ತದೆ. ಮೇಜಿನ ಕೆಳಗೆ ಯುಪಿಎಸ್ ಕೀಂ ಕೀಂ ಅಂತ ಕೂಗಲು ಶುರು ಮಾಡುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಸಿಗುವುದು ಎರಡೋ ಮೂರೋ ನಿಮಿಷ. ಅಷ್ಟರಲ್ಲಿ ಎಲ್ಲ ಸೇವ್ ಮಾಡಿ ಸಿಸ್ಟಂ ಆರಿಸಬೇಕು. ಬೇಸಿಗೆಯಲ್ಲಿ ನಮಗೆ ಅತಿ ಜಾಸ್ತಿ ಬೇಕಾಗುವ ಬಟನ್ ಯಾವುದೋ, ಅದನ್ನೇ ಹುಡುಕಿ ಬಚ್ಚಿಟ್ಟಿರಿ!

ಇದು ಅಂಗಡಿಯವರ ಗೋಳು ಮಾತ್ರ ಆಗಿದ್ದರೆ ಯಾರೂ ಕೇಳುತ್ತಿರಲಿಲ್ಲವೇನೋ. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದ ಲೈನಸ್ ಟೊರ್ವಾಲ್ಡ್ಸ್ ಅವರೇ 2011ರಲ್ಲಿ ಗ್ನೋಮ್ 3ರ ಮೇಲೆ ಬಹಿರಂಗವಾಗಿ ಸಿಟ್ಟಾಗಿ ಎಕ್ಸ್‌ಎಫ್‌ಸಿಇ ಎಂಬ ಬೇರೆ ಡೆಸ್ಕ್‌ಟಾಪ್‌ಗೆ ಹೋದರು. ಮುಂದೆ ವಾಪಸ್ ಬಂದರು, ಆದರೆ ಎಕ್ಸ್‌ಟೆನ್ಷನ್ ಎಂಬ ಮೇಲಿಂದ ಸೇರಿಸುವ ಪುಟ್ಟ ಪ್ರೋಗ್ರಾಂಗಳನ್ನು ಹಾಕಿ ತಮಗೆ ಬೇಕಾದ ಹಾಗೆ ಮಾಡಿಕೊಂಡ ಮೇಲೆ. ಗ್ನೋಮ್ 2 ಇದ್ದ ಹಾಗೇ ಇರಲಿ ಅಂದವರು ಅದರ ಕೋಡ್ ತೆಗೆದುಕೊಂಡು ಮಾಟೆ ಅಂತ ಮುಂದುವರಿಸಿದರು. ಲಿನಕ್ಸ್‌ನ ಇನ್ನೊಂದು ರೂಪವಾದ ಮಿಂಟ್‌ನವರು ಸಿನಮನ್ ಎಂಬ ಡೆಸ್ಕ್‌ಟಾಪ್ ಕಟ್ಟಿದರು. ಎರಡೂ ಇವತ್ತಿಗೂ ಚೆನ್ನಾಗಿ ನಡೆಯುತ್ತಿವೆ. ಹಳೆಯದನ್ನು ಉಳಿಸಿಕೊಳ್ಳುವುದು ತಾಂತ್ರಿಕವಾಗಿ ಆಗದ ಕೆಲಸ ಅಂತ ಇನ್ನು ಯಾರೂ ಹೇಳುವ ಹಾಗಿಲ್ಲ. ಸ್ವಯಂಸೇವಕರು ಹತ್ತು ವರ್ಷಕ್ಕಿಂತ ಜಾಸ್ತಿ ಕಾಲ ಅದನ್ನು ಮಾಡಿ ತೋರಿಸಿದ್ದಾರೆ.

ಉಬುಂಟು ಕಡೆಯವರಿಗೆ ಒಂದು ಮಾತು. 10.04ರ ಆವೃತ್ತಿಯಲ್ಲಿ ಕಿಟಕಿಯ ಬಟನ್‌ಗಳನ್ನು ಬಲದಿಂದ ಎಡಕ್ಕೆ ತಂದಿರಿ. 11.04ರಲ್ಲಿ ಯೂನಿಟಿ ತಂದಿರಿ. ಜನ ಬೈದರು, ಬಿಟ್ಟುಹೋದವರು ಹೋದರು, ಉಳಿದವರು ಕಲಿತರು. ನಿಜ ಹೇಳಬೇಕೆಂದರೆ ಕೊನೆಕೊನೆಗೆ ಯೂನಿಟಿ ಚೆನ್ನಾಗಿಯೇ ಆಗಿತ್ತು. ಸರಿ, ಇದೇ ಇರಲಿ ಅನ್ನುವಷ್ಟರಲ್ಲಿ 2017ರ ಏಪ್ರಿಲ್‌ನಲ್ಲಿ ಯೂನಿಟಿ ಸಾಕು ಅಂದಿರಿ. ಅದೇ ವರ್ಷ ಅಕ್ಟೋಬರ್‌ನ 17.10ರಲ್ಲಿ ಗ್ನೋಮ್ ಬಂತು, ಬಟನ್‌ಗಳು ಎಡದಿಂದ ಮತ್ತೆ ಬಲಕ್ಕೆ ಹೋದವು. ಎಡಗಡೆಯ ಐಕಾನ್ ಪಟ್ಟಿಯನ್ನು ಮಾತ್ರ ಉಳಿಸಿದಿರಿ, ಅದಕ್ಕೆ ಥ್ಯಾಂಕ್ಸ್. ಆದರೆ ಎಡಕ್ಕೆ ಹೋಗಿ ಬಲಕ್ಕೆ ಬಂದ ಈ ಪ್ರಯಾಣದಿಂದ ಯಾರಿಗೆ ಏನು ಸಿಕ್ಕಿತು ಅಂತ ಒಬ್ಬರೂ ಹೇಳಲಿಲ್ಲ.

ಈಗ ವಿಂಡೋಸ್ 11ಕ್ಕೆ ಬರೋಣ. ಈಗ ಹೆಚ್ಚು ಅಂಗಡಿಗಳನ್ನು ಮುಟ್ಟುತ್ತಿರುವುದು ಅದೇ ಆದ್ದರಿಂದ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

2021ರ ಅಕ್ಟೋಬರ್ 5ರಂದು ಬಂದ ಈ ಆವೃತ್ತಿಯಲ್ಲಿ ಸ್ಟಾರ್ಟ್ ಬಟನ್ ಮೂಲೆ ಬಿಟ್ಟು ಮಧ್ಯಕ್ಕೆ ಬಂತು. ಮಧ್ಯದಲ್ಲಾದರೂ ಒಂದು ಕಡೆ ನಿಲ್ಲುತ್ತದೆಯೇ ಅಂದರೆ ಅದೂ ಇಲ್ಲ. ಐಕಾನ್‌ಗಳ ಗುಂಪು ಯಾವಾಗಲೂ ಮಧ್ಯದಲ್ಲೇ ಇರಬೇಕು ಅನ್ನುವುದು ನಿಯಮ. ಹೊಸದೊಂದು ಪ್ರೋಗ್ರಾಂ ತೆರೆದರೆ ಗುಂಪು ಉದ್ದವಾಗುತ್ತದೆ, ಸ್ಟಾರ್ಟ್ ಬಟನ್ ಸ್ವಲ್ಪ ಎಡಕ್ಕೆ ಸರಿಯುತ್ತದೆ. ಮುಚ್ಚಿದರೆ ಮತ್ತೆ ಬಲಕ್ಕೆ. ಜಾಗದ ನೆನಪಿನ ಮೇಲೆ ಬದುಕುವವರಿಗೆ ಓಡಾಡುವ ಬಟನ್ ಕೊಟ್ಟಿರಿ. ಎಡಕ್ಕೆ ತರುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ, ಒಪ್ಪುತ್ತೇನೆ. ನಾನು ಯಾವ ಹೊಸ ಸಿಸ್ಟಂ ಮುಂದೆ ಕೂತರೂ ಮೊದಲು ಮಾಡುವ ಕೆಲಸ ಅದೇ.

ಅದು ಬಂದಾಗ ಆಯ್ಕೆಯೇ ಇಲ್ಲದಿದ್ದದ್ದನ್ನು ಕೇಳಿ. ಮೊದಲು ಟಾಸ್ಕ್‌ಬಾರಿನಲ್ಲಿ ತೆರೆದ ಪ್ರತಿ ಕಿಟಕಿಗೂ ಒಂದೊಂದು ಬಟನ್ ಇಟ್ಟುಕೊಂಡು, ಅದರ ಮೇಲೆ ಫೈಲಿನ ಹೆಸರು ಕಾಣುವ ಹಾಗೆ ಮಾಡಿಕೊಳ್ಳಬಹುದಿತ್ತು. ಆಪರೇಟರ್ ಮುಂದೆ ಐದು ಫೋಲ್ಡರ್ ತೆರೆದಿವೆ ಅಂದುಕೊಳ್ಳಿ. ಒಂದು ಮದುವೆ ಪತ್ರಿಕೆಯದು, ಒಂದು ಶಾಲೆಯ ಪ್ರಶ್ನೆಪತ್ರಿಕೆಯದು, ಒಂದು ಜಾತ್ರೆಯ ಬ್ಯಾನರಿನದು. ಹೆಸರು ಕಾಣುತ್ತದೆ, ಒಂದು ಕ್ಲಿಕ್, ಆಯಿತು. ವಿಂಡೋಸ್ 11 ಬಂದಾಗ ಈ ಐದೂ ಸೇರಿ ಒಂದೇ ಹಳದಿ ಐಕಾನ್ ಆದವು. ಅದರ ಮೇಲೆ ಮೌಸ್ ಇಟ್ಟು ಕಾಯಬೇಕು, ಪುಟ್ಟ ಪುಟ್ಟ ಚಿತ್ರಗಳು ಮೇಲೆ ಬರುತ್ತವೆ, ಎಲ್ಲ ಒಂದೇ ಥರ ಕಾಣುತ್ತವೆ, ಅದರಲ್ಲಿ ಸರಿಯಾದದ್ದನ್ನು ಆರಿಸಬೇಕು. ಇದೇನು ಮಹಾ ಅನ್ನಿಸಬಹುದು. ಆದರೆ ದಿನವಿಡೀ ಮಾಡುವುದೇ ಆ ಕಿಟಕಿಯಿಂದ ಈ ಕಿಟಕಿಗೆ ಓಡಾಡುವ ಕೆಲಸ ಆದಾಗ ಪ್ರತಿ ಸಲವೂ ಒಂದು ತಡೆ.

ಫೈಲನ್ನು ಎಳೆದು ಟಾಸ್ಕ್‌ಬಾರಿನ ಐಕಾನ್ ಮೇಲೆ ಒಂದು ಕ್ಷಣ ಹಿಡಿದರೆ ಆ ಕಿಟಕಿ ಮುಂದೆ ಬರುತ್ತಿತ್ತು, ಅದರೊಳಗೆ ಬಿಡಬಹುದಿತ್ತು. ಅದನ್ನೂ ತೆಗೆದಿರಿ. ಟಾಸ್ಕ್‌ಬಾರನ್ನು ಮೇಲಕ್ಕೋ ಪಕ್ಕಕ್ಕೋ ಇಟ್ಟುಕೊಳ್ಳುವ ಅವಕಾಶ 95ರಿಂದ ಇತ್ತು, ಅದಕ್ಕೂ ಕತ್ತರಿ. ಇನ್ನು ರೈಟ್ ಕ್ಲಿಕ್. ಕಟ್, ಕಾಪಿ, ಪೇಸ್ಟ್ ಅಂತ ಅಕ್ಷರದಲ್ಲಿದ್ದದ್ದು ಹೆಸರಿಲ್ಲದ ಸಣ್ಣ ಚಿತ್ರಗಳಾದವು. ಆ ಚಿತ್ರಗಳ ಸಾಲು ಬಾಣದ ಹತ್ತಿರ ಇರಲಿ ಅಂತ ಮೆನು ಕೆಳಗೆ ಬಿಚ್ಚಿಕೊಂಡರೆ ಸಾಲು ಮೇಲೆ, ಮೆನು ಮೇಲಕ್ಕೆ ಬಿಚ್ಚಿಕೊಂಡರೆ ಸಾಲು ಕೆಳಗೆ! ಇದನ್ನು ಯೋಚಿಸಿದವರು ಜಾಣರೇ, ಫಿಟ್ಸ್ ನಿಯಮ ಓದಿದವರೇ. ಆದರೆ ಕೆಳಗಿಂದ ಮೂರನೇದು ಅಂತ ಕಲಿತವರು ಏನು ಮಾಡಬೇಕು? ಹಳೆಯ ಪೂರ್ತಿ ಪಟ್ಟಿ ಬೇಕಿದ್ದರೆ ಕೊನೆಯಲ್ಲಿ ಇನ್ನೊಂದು ಸಾಲು ಒತ್ತಬೇಕು. ಶಿಫ್ಟ್ ಜೊತೆ ಎಫ್10 ಒತ್ತಿದರೆ ನೇರವಾಗಿ ಹಳೆಯದು ಬರುತ್ತದೆ. ಓದುವವರಿಗೆ ಉಪಯೋಗವಾಗಲಿ ಅಂತ ಹೇಳಿದೆ.

ಇದರ ಮುಂದಿನ ಭಾಗ ನನಗೆ ಜಾಸ್ತಿ ಸಿಟ್ಟು ತರಿಸುತ್ತದೆ. ಎಳೆದು ಬಿಡುವ ಸೌಲಭ್ಯ 2022ರಲ್ಲಿ ವಾಪಸ್ ಬಂತು. ಹೆಸರಿರುವ ಬೇರೆ ಬೇರೆ ಬಟನ್‌ಗಳು 2023ರಲ್ಲಿ ವಾಪಸ್ ಬಂದವು. ಕಟ್, ಕಾಪಿ ಚಿತ್ರಗಳ ಕೆಳಗೆ ಅಕ್ಷರ ಬಂದದ್ದು 2024ರ ಆವೃತ್ತಿಯಲ್ಲಿ. ವಿಂಡೋಸ್ 8ರಲ್ಲಿ ತೆಗೆದ ಸ್ಟಾರ್ಟ್ ಬಟನ್ ಒಂದು ವರ್ಷಕ್ಕೆ 8.1ರಲ್ಲಿ ಬಂದಿತ್ತು, ಮೆನು 2015ರಲ್ಲಿ ವಿಂಡೋಸ್ 10ರ ಜೊತೆ. ಗ್ನೋಮ್‌ನವರೂ ಪವರ್ ಆಫ್ ಅನ್ನು ಮತ್ತೆ ಹೊರಗೆ ತಂದರು. ಪ್ರತಿ ಸಲವೂ ಹೊಸ ಸೌಲಭ್ಯಗಳ ಪಟ್ಟಿಯಲ್ಲಿ ಇವು ಬರುತ್ತವೆ. ನಮ್ಮದೇ ವಸ್ತು ನಮಗೆ ವಾಪಸ್ ಬಂದಾಗ ಹೊಸದು ಅಂತ ಬರೆದಿರುತ್ತೀರಿ. ನಡುವಿನ ಒಂದೆರಡು ವರ್ಷ ಎಡವಿದವರ ಹತ್ತಿರ ಕ್ಷಮೆ ಕೇಳಿದ್ದನ್ನು ನಾನು ನೋಡಿಲ್ಲ. ಇನ್ನೂ ತಮಾಷೆ ಏನೆಂದರೆ, ಅಷ್ಟರಲ್ಲಿ ನಮ್ಮ ಹುಡುಗಿ ಹೊಸ ರೀತಿ ಕಲಿತು ಕೈಗೆ ಕೂರಿಸಿಕೊಂಡಿರುತ್ತಾಳೆ.

ಬಳಕೆಯ ಅಂಕಿ ನೋಡಿ ನಿರ್ಧಾರ ಮಾಡುತ್ತೇವೆ ಅನ್ನುತ್ತೀರಿ. ಸ್ಟಾರ್ಟ್ ಮೆನು ತೆಗೆಯುವಾಗಲೂ ಬಳಕೆ ಇಳಿದಿದೆ ಅಂತ ಅಂಕಿ ತೋರಿಸಿದ್ದಿರಿ. ಟಾಸ್ಕ್‌ಬಾರ್ ಜರುಗಿಸುವ ಆಯ್ಕೆ ಕೊಡಿ ಅಂದವರಿಗೂ ಕೇಳುವವರು ಕಡಿಮೆ ಜನ ಅನ್ನುವ ಅರ್ಥದ ಉತ್ತರ ಬಂತು. ಅಂಕಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ನೂರು ಜನರಲ್ಲಿ ಮೂವರು ಬಳಸುತ್ತಾರೆ ಅನ್ನುವುದು ಒಂದು ಲೆಕ್ಕ. ಆ ಮೂವರು ದಿನಕ್ಕೆ ನೂರಾರು ಸಲ ಬಳಸುತ್ತಾರೆ, ಅದರ ಮೇಲೆ ಅವರ ಸಂಬಳ ನಿಂತಿದೆ ಅನ್ನುವುದು ಇನ್ನೊಂದು ಲೆಕ್ಕ. ತಲೆ ಎಣಿಸಿದರೆ ಎರಡನೇದು ಕಾಣುವುದಿಲ್ಲ. ಅಲ್ಲದೆ ನಮ್ಮ ಡಿಟಿಪಿಯವರು ನಿಮ್ಮ ಫೀಡ್‌ಬ್ಯಾಕ್ ಫಾರಂ ತುಂಬುವುದಿಲ್ಲ. ಅದು ಇಂಗ್ಲಿಷ್‌ನಲ್ಲಿದೆ. ಅವರ ಫೀಡ್‌ಬ್ಯಾಕ್ ಬರುವುದು ನನ್ನ ಫೋನಿಗೆ.

ಹಾಗಾದರೆ ಅಪ್‌ಗ್ರೇಡ್ ಮಾಡಬೇಡಿ ಅನ್ನಬಹುದು. ಅಲ್ಲೇ ಇರುವುದು ನನ್ನ ಮುಖ್ಯ ತಕರಾರು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಕ್ಕೂ ಮುಂಚೆ 7ರದ್ದು 2020ರಲ್ಲಿ, ಎಕ್ಸ್‌ಪಿಯದ್ದು 2014ರಲ್ಲಿ ಮುಗಿದಿತ್ತು. ಅದರ ಮೇಲೆ ಸ್ವಲ್ಪ ಕಾಲ ರಕ್ಷಣೆ ಪಡೆಯಲು ದಾರಿ ಮಾಡಿದ್ದೀರಿ, ಅಷ್ಟೇ. ಆಮೇಲೆ ಏನು? ಆ ಸಿಸ್ಟಂನಲ್ಲಿ ಬ್ಯಾಂಕ್ ಕೆಲಸ ಇರುತ್ತದೆ, ಜನರ ಆಧಾರ್ ಪ್ರತಿ ಇರುತ್ತದೆ, ಫೋಟೋ ಇರುತ್ತದೆ. ಸೆಕ್ಯೂರಿಟಿ ಅಪ್‌ಡೇಟ್ ಇಲ್ಲದೆ ನೆಟ್‌ಗೆ ಬಿಡಿ ಅಂತ ನಾನು ಯಾರಿಗೂ ಹೇಳಲಾರೆ. ಅಂದರೆ ರಕ್ಷಣೆ ಬೇಕಾದರೆ ಹೊಸ ರೂಪವನ್ನೂ ತೆಗೆದುಕೊಳ್ಳಬೇಕು. ಹಳೆಯ ಬೀಗ ಸರಿಯಿಲ್ಲ, ಹೊಸ ಬೀಗ ಹಾಕಿಸಿ ಅಂದರೆ ಹಾಕಿಸೋಣ, ಆದರೆ ಬೀಗ ಹಾಕಲು ಬಂದವರು ಬಾಗಿಲನ್ನೇ ಹಿತ್ತಲ ಗೋಡೆಗೆ ಕೂರಿಸಿ ಹೋಗುವುದು ಯಾವ ನ್ಯಾಯ?

ಅದರ ಮೇಲೆ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ರಕ್ಷಣೆಯ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಚೆನ್ನಾಗಿ ಓಡುತ್ತಿರುವ ನಾಲ್ಕನೇ ತಲೆಮಾರಿನ ಯಂತ್ರಗಳು ನಮ್ಮಲ್ಲಿ ಎಷ್ಟೋ ಇವೆ. ಅದು ಬೇರೆಯೇ ಜಗಳ, ಇಲ್ಲಿ ಬೇಡ.

ಹಳೆಯ ರೂಪ ವಾಪಸ್ ತರುವ ಪರ್ಯಾಯ ಸಾಧನಗಳಿವೆ ಅಂತ ಹೇಳುವವರೂ ಇದ್ದಾರೆ. ಇವೆ, ನಾನೂ ಹಾಕಿಕೊಟ್ಟಿದ್ದೇನೆ. ವಿಂಡೋಸ್‌ಗೆ ಓಪನ್ ಶೆಲ್, ಎಕ್ಸ್‌ಪ್ಲೋರರ್ ಪ್ಯಾಚರ್ ಇತ್ಯಾದಿ. ಗ್ನೋಮ್‌ಗೆ ಡ್ಯಾಶ್ ಟು ಪ್ಯಾನೆಲ್. ಆದರೆ ಇವೆಲ್ಲ ನಿಮ್ಮ ಕೃಪೆಯಲ್ಲಿ ಬದುಕುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ಗ್ನೋಮ್ 45 ಬಂದಾಗ ಒಳಗಿನ ಪದ್ಧತಿ ಬದಲಾಗಿ, ಎಲ್ಲ ಎಕ್ಸ್‌ಟೆನ್ಷನ್‌ಗಳನ್ನೂ ತಿದ್ದಿ ಬರೆಯಬೇಕಾಯಿತು. ಯಾರೋ ಒಬ್ಬರು ಬಿಡುವಿನ ಹೊತ್ತಲ್ಲಿ ಬರೆದು ಕೊಟ್ಟ ಪುಟ್ಟ ಪ್ರೋಗ್ರಾಂ ನಂಬಿಕೊಂಡು ಒಂದು ಪ್ರೆಸ್ ನಡೆಯಬೇಕು ಅಂದರೆ ಕಷ್ಟ.

ಕನ್ನಡದ ವಿಷಯಕ್ಕೆ ಬಂದರೆ ಪೆಟ್ಟು ಎರಡು ಪಾಲು. ನಮ್ಮ ಟೈಪಿಂಗ್ ಕೀಬೋರ್ಡ್ ಬದಲಿಸುವುದರ ಮೇಲೆ ನಿಂತಿದೆ. ಕನ್ನಡ, ಇಂಗ್ಲಿಷ್, ಮತ್ತೆ ಕನ್ನಡ, ಒಂದು ಪ್ಯಾರಾದಲ್ಲಿ ಎಷ್ಟೋ ಸಲ. ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಲು ಐಬಸ್ ಎಂಬ ತಂತ್ರಾಂಶ ಬಳಸುವವರಿಗೆ ಕಂಟ್ರೋಲ್ ಸ್ಪೇಸ್ ಒತ್ತಿದರೆ ಕನ್ನಡ ಆನ್ ಆಗುತ್ತಿತ್ತು, ಮತ್ತೊಮ್ಮೆ ಒತ್ತಿದರೆ ಆಫ್. ಐಬಸ್ 1.5ರ ಆವೃತ್ತಿಯಲ್ಲಿ ಅದು ಸೂಪರ್ (ವಿಂಡೋಸ್ ಗುರುತಿನ ಕೀ) ಸ್ಪೇಸ್ ಆಯಿತು. ಕೀ ಬದಲಾದದ್ದು ಮಾತ್ರ ಅಲ್ಲ, ಆನ್ ಆಫ್ ಹೋಗಿ ಒಂದು ಭಾಷೆಯಿಂದ ಮುಂದಿನ ಭಾಷೆಗೆ ಸುತ್ತು ಹೊಡೆಯುವ ರೀತಿ ಬಂತು. ಚೀನಿ, ಜಪಾನಿ, ಕೊರಿಯನ್ ಬರೆಯುವವರೂ ಇದರ ಬಗ್ಗೆ ದೂರಿದರು. ಎರಡು ಭಾಷೆಗಳ ನಡುವೆ ಓಡಾಡುವವರ ರೂಢಿಯನ್ನು ಬದಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ವಿಂಡೋಸ್‌ನಲ್ಲಿ ನುಡಿ, ಬರಹ ಬಳಸುವವರ ಕಣ್ಣು ಗಡಿಯಾರದ ಪಕ್ಕದ ಸಣ್ಣ ಐಕಾನಿನ ಮೇಲಿರುತ್ತದೆ. ಅಪ್‌ಗ್ರೇಡ್ ಆದ ಮೇಲೆ ಅದು ಬಾಣದ ಗುರುತಿನ ಒಳಗೆ ಅಡಗಿ ಕೂತಿದ್ದರೆ, 'ನುಡಿ ಹೋಗಿದೆ' ಅಂತ ಫೋನ್ ಬರುತ್ತದೆ.

ಅನುವಾದದ್ದು ಇನ್ನೊಂದು ಕಥೆ. ಸ್ವತಂತ್ರ ತಂತ್ರಾಂಶಗಳ ಮೆನುಗಳನ್ನು ಕನ್ನಡಕ್ಕೆ ತಂದವರಲ್ಲಿ ಬಹಳ ಮಂದಿ ಸ್ವಯಂಸೇವಕರು. ನೀವು ಒಂದು ಸೆಟ್ಟಿಂಗ್ಸ್ ಪುಟ ಬಿಚ್ಚಿ ಹೊಸದಾಗಿ ಕಟ್ಟಿದಾಗ ಅದರ ಸಾಲುಗಳೆಲ್ಲ ಹೊಸವಾಗುತ್ತವೆ. ಹಳೆಯ ಅನುವಾದ ಕೆಲಸಕ್ಕೆ ಬರುವುದಿಲ್ಲ. ಅನುವಾದ ಆಗದ ಸಾಲು ಇಂಗ್ಲಿಷ್‌ನಲ್ಲೇ ಕಾಣುತ್ತದೆ. ಹೀಗೆ ಪ್ರತಿ ಅಪ್‌ಗ್ರೇಡ್‌ಗೂ ಕನ್ನಡದ ಸ್ಕ್ರೀನ್ ಸ್ವಲ್ಪ ಸ್ವಲ್ಪ ಇಂಗ್ಲಿಷ್ ಆಗುತ್ತಾ ಹೋಗುತ್ತದೆ. ಕನ್ನಡದಲ್ಲಿರುವ ಕಂಪ್ಯೂಟರ್ ಪುಸ್ತಕ, ಯೂಟ್ಯೂಬ್ ಪಾಠ ಕೂಡ ಹಾಗೇ. ಚಿತ್ರದಲ್ಲಿರುವುದು ಒಂದು, ಮುಂದಿರುವುದು ಇನ್ನೊಂದು. ಇಂಗ್ಲಿಷ್‌ನಲ್ಲಿ ಹುಡುಕಿದರೆ ಅದೇ ದಿನ ಉತ್ತರ ಸಿಗುತ್ತದೆ. ಕನ್ನಡದಲ್ಲಿ ಯಾರಾದರೂ ಹೊಸ ವಿಡಿಯೋ ಮಾಡುವ ತನಕ ಕಾಯಬೇಕು.

ಈಗ ನಾನು ಕೇಳುವುದೇನು ಅಂತ ಹೇಳುತ್ತೇನೆ, ಜಾಸ್ತಿ ಇಲ್ಲ. ರಕ್ಷಣೆಯ ಅಪ್‌ಡೇಟ್ ಮತ್ತು ರೂಪದ ಬದಲಾವಣೆ ಎರಡನ್ನೂ ಬೇರೆ ಮಾಡಿ. ಒಳಗಿನದು ಎಷ್ಟು ಬೇಕಾದರೂ ಬದಲಾಗಲಿ, ಹೊರಗೆ ಹಿಂದಿನ ಆವೃತ್ತಿಯ ರೂಪವನ್ನೇ ಇಟ್ಟುಕೊಳ್ಳುವ ಒಂದು ಸ್ವಿಚ್ ಕೊಡಿ, ಎಕ್ಸ್‌ಪಿಯಲ್ಲಿ ಕೊಟ್ಟ ಹಾಗೆ. ಕೊನೇಪಕ್ಷ ಒಂದು ಆವೃತ್ತಿಯ ಪೂರ್ತಿ ಕಾಲ ಅದು ಇರಲಿ. ಅಪ್‌ಗ್ರೇಡ್ ಆದ ಮೊದಲ ಬೆಳಿಗ್ಗೆಯೇ ಆ ಸ್ವಿಚ್ ಕಣ್ಣಿಗೆ ಬೀಳಲಿ, ಕನ್ನಡದಲ್ಲಿ ಬೀಳಲಿ. ಪರ್ಯಾಯ ತಯಾರಾಗುವ ಮೊದಲು ಹಳೆಯದನ್ನು ಕಿತ್ತುಹಾಕಬೇಡಿ. ಟಾಸ್ಕ್‌ಬಾರನ್ನು ಹೊಸದಾಗಿ ಬರೆದೆವು, ಎಲ್ಲ ಸೌಲಭ್ಯ ಸೇರಿಸಲು ಹೊತ್ತು ಸಾಲಲಿಲ್ಲ ಅನ್ನುವುದು ನಿಮ್ಮ ಕಚೇರಿಯ ಕಷ್ಟ. ಹೊತ್ತು ತೆಗೆದುಕೊಳ್ಳಿ, ನಮಗೇನೂ ಅವಸರವಿಲ್ಲ. ಅಕ್ಷರ ತೆಗೆದು ಚಿತ್ರ ಮಾತ್ರ ಇಡುವ ಚಟ ಬಿಡಿ, ಎರಡೂ ಇರಲಿ.

ನಮ್ಮ ಸರ್ಕಾರದವರಿಗೂ ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಶಾಲೆಗೆ, ಕಚೇರಿಗೆ ಒಟ್ಟಿಗೆ ಸಾವಿರಗಟ್ಟಲೆ ಕಂಪ್ಯೂಟರ್ ಕೊಳ್ಳುವವರು ನೀವು. ನಾನು ಒಬ್ಬ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ, ನೀವು ಟೆಂಡರಿನಲ್ಲಿ ಒಂದು ಸಾಲು ಬರೆದರೆ ಕಂಪನಿಯವರು ಓದುತ್ತಾರೆ. ಪಕ್ಕದ ಕೇರಳದಲ್ಲಿ ಶಾಲೆಗಳಿಗಾಗಿಯೇ ಕೈಟ್ ಗ್ನೂ ಲಿನಕ್ಸ್ ಅಂತ ಉಬುಂಟು ಆಧರಿಸಿ ತಾವೇ ಸಿದ್ಧ ಮಾಡಿಕೊಂಡಿದ್ದಾರೆ. ಯಾವಾಗ ಬದಲಾಗಬೇಕು, ಏನು ಬದಲಾಗಬೇಕು ಅನ್ನುವುದು ಅವರ ಕೈಯಲ್ಲಿದೆ. ಪಾಠಪುಸ್ತಕಕ್ಕೂ ಸ್ಕ್ರೀನಿಗೂ ಹೊಂದಾಣಿಕೆ ಇರುವ ಹಾಗೆ ನೋಡಿಕೊಳ್ಳಬಹುದು. ನಮ್ಮಲ್ಲಿ ಅಷ್ಟು ಆಗದಿದ್ದರೂ, ಕನ್ನಡದ ಮೆನು ಪೂರ್ತಿ ಇರಬೇಕು, ಹಳೆಯ ರೂಪ ಉಳಿಸಿಕೊಳ್ಳಲು ಅವಕಾಶ ಇರಬೇಕು ಅಂತಲಾದರೂ ಕೇಳಬಹುದಲ್ವಾ?

ವಿನ್ಯಾಸ ಮಾಡುವವರೇ, ಮುಂದಿನ ಆವೃತ್ತಿ ಬಿಡುವ ಮೊದಲು ಜನರನ್ನು ಕೂರಿಸಿ ಪರೀಕ್ಷೆ ಮಾಡುತ್ತೀರಿ ಅಂತ ಗೊತ್ತು. ಒಂದು ಸಲ ನಮ್ಮ ಕಡೆಯ ಡಿಟಿಪಿ ಸೆಂಟರಿನಲ್ಲಿ ಮಾಡಿ. ಯಂತ್ರ, ಕುರ್ಚಿ, ಚಹಾ ನನ್ನ ಲೆಕ್ಕ. ಇಂಗ್ಲಿಷ್ ಮೆನು ಓದದೆ ಕೆಲಸ ಮಾಡುವವರನ್ನೇ ಕೂರಿಸುತ್ತೇನೆ. ನೀವು ಏನೂ ಹೇಳಿಕೊಡಬೇಡಿ, ಹಿಂದೆ ನಿಂತು ಅವರ ಕೈ ಎಲ್ಲೆಲ್ಲಿ ನಿಲ್ಲುತ್ತದೆ ಅಂತ ಬರೆದುಕೊಳ್ಳಿ. ಆದರೆ ಏಪ್ರಿಲ್, ಮೇನಲ್ಲಿ ಬರಬೇಡಿ. ಅದು ಮದುವೆ ಸೀಸನ್, ಯಾರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಆ ಎರಡು ತಿಂಗಳು ದಯವಿಟ್ಟು ಅಪ್‌ಡೇಟನ್ನೂ ಕಳಿಸಬೇಡಿ.

ಇಂತಿ,
ಒಬ್ಬ ಕಂಪ್ಯೂಟರ್ ಸರ್ವಿಸಿನವ